ಬೆಸ್ಟ್ ಪ್ಲೇಯರ್ ಯಾರು ಅಂತ ನಮ್ಮನ್ನು ಕೇಳಬೇಡಿ

ಮೂರು ವರ್ಷದ ಹಿಂದೆ ಕಾಲೇಜು ಹುಡುಗಿಯರ ಒಂದು ಕಬಡ್ಡಿ ಪಂದ್ಯಾವಳಿಯಲ್ಲಿ ನಾವು ಒಂದು ತಪ್ಪು ಮಾಡಿದೆವು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಪೈಕಿ ಒಂದು ಊರಲ್ಲಿ. ಯಾವ ಊರು, ಯಾವ ಕಾಲೇಜು ಅನ್ನುವುದು ಬೇಡ.

ಆಟ ಬೆಳಿಗ್ಗೆ ಒಂಬತ್ತಕ್ಕೆ ಶುರು ಅಂತ ಆಹ್ವಾನ ಪತ್ರಿಕೆಯಲ್ಲಿತ್ತು. ನಾವು ಹೋಗಿದ್ದು ಮಧ್ಯಾಹ್ನ ಎರಡೂವರೆಗೆ. ಬೆಳಿಗ್ಗೆ ತಾಲ್ಲೂಕು ಕಚೇರಿ ಮುಂದೆ ಧರಣಿ ಇತ್ತು, ಅದು ಮುಗಿಯುವಷ್ಟರಲ್ಲಿ ನಾಲೆ ಏರಿ ಮೇಲೆ ಟ್ರ್ಯಾಕ್ಟರ್ ಮಗುಚಿದ ಸುದ್ದಿ ಬಂತು. ಸ್ಟ್ರಿಂಗರ್ ಕೆಲಸ ಗೊತ್ತಲ್ಲ, ಬರೆದ ಸುದ್ದಿಗೆ ಲೆಕ್ಕ, ಓಡಿದ ಪೆಟ್ರೋಲಿಗೆ ಲೆಕ್ಕ ಇಲ್ಲ. ಮೈದಾನ ಸೇರುವಾಗ ಫೈನಲ್‌ನ ಮೊದಲರ್ಧವೂ ಮುಗಿದಿತ್ತು. ಉಳಿದರ್ಧ ನೋಡಿದೆವು. ಉದ್ದ ಕಾಲಿನ ಒಬ್ಬ ರೈಡರ್ ಹುಡುಗಿ ಒಂದೇ ರೈಡಿನಲ್ಲಿ ಮೂವರನ್ನು ಮುಟ್ಟಿ ಬಂದಳು. ಶಾಮಿಯಾನದ ಕೆಳಗಿದ್ದವರೆಲ್ಲ ಎದ್ದು ನಿಂತರು.

ಬಹುಮಾನ ಕೊಡುವ ಹೊತ್ತು. ಮುಖ್ಯ ಅತಿಥಿಗಳು ಗಡಿಯಾರ ನೋಡುತ್ತಿದ್ದಾರೆ. ಸಂಘಟಕರಲ್ಲಿ ಒಬ್ಬರು ನಮ್ಮ ಕಿವಿ ಹತ್ತಿರ ಬಂದು, "ಸಾ, ಪ್ರೆಸ್‌ನೋರು ನೀವೇ ಒಂದ್ ಹೆಸರು ಹೇಳ್ಬುಡಿ, ಬೆಸ್ಟ್ ಪ್ಲೇಯರ್ ಯಾರು ಅಂತ. ಸಾಹೇಬ್ರು ಹೊರಡ್ತಾವ್ರೆ" ಅಂದರು. ನಾವು ಆ ರೈಡರ್ ಹುಡುಗಿಯನ್ನು ತೋರಿಸಿದೆವು. ಅವಳಿಗೆ ಸೊಂಟದೆತ್ತರದ ಟ್ರೋಫಿ ಸಿಕ್ಕಿತು. ಫೋಟೊ ತೆಗೆದೆವು, ಸಂಜೆ ಸುದ್ದಿ ಕಳಿಸಿದೆವು.

ಅದೇ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸೋತ ತಂಡದ ಹುಡುಗಿಯರು ನಿಂತಿದ್ದರು. ಮೊಣಕೈಗೆ ಬಟ್ಟೆ ಸುತ್ತಿಕೊಂಡಿದ್ದ ಒಬ್ಬಳು, ಕುಳ್ಳಗೆ ಗಟ್ಟಿಮುಟ್ಟಾದ ಹುಡುಗಿ, ನಮ್ಮ ಕ್ಯಾಮೆರಾ ಬ್ಯಾಗ್ ನೋಡಿ ಗುರುತು ಹಿಡಿದಳು. ಸಿಟ್ಟಿಲ್ಲ, ಜಗಳವಿಲ್ಲ. "ಬೆಳಿಗ್ಗೆ ಮ್ಯಾಚಲ್ಲಿ ನಾನು ಏಳ್ ಸಲ ಹಿಡ್ದಿದ್ದೆ ಸಾ. ನೀವು ಆಗ ಬಂದಿರ್ನಿಲ್ಲ" ಅಂದಳು. ಅಷ್ಟೇ. ಬಸ್ ಬಂತು, ಹತ್ತಿಕೊಂಡು ಹೋದಳು.

ಅವಳು ಲೆಫ್ಟ್ ಕಾರ್ನರ್‌ನಲ್ಲಿ ನಿಂತು ಹಿಡಿಯುವವಳು. ಕಬಡ್ಡಿ ಬಲ್ಲವರಿಗೆ ಗೊತ್ತು, ಬಂದವನ ಕಾಲಿಗೆ ಬೀಳುವ ಆ ಜಾಗ ಎಂಥದ್ದು ಅಂತ. ರೈಡರ್ ಒಬ್ಬನೇ ಹೋಗಿ ಬರುತ್ತಾನೆ, ಎಲ್ಲರ ಕಣ್ಣು ಅವನ ಮೇಲೆ. ಹಿಡಿದಾಗ ಆರೇಳು ಜನ ಒಂದೇ ಗುಡ್ಡೆ. ಮೊದಲು ಕಾಲು ಹಿಡಿದವರು ಯಾರು ಅಂತ ಧೂಳಿನಲ್ಲಿ ಕಾಣುವುದೇ ಇಲ್ಲ. ಬರೆದಿಟ್ಟರೆ ಮಾತ್ರ ಉಂಟು.

ಬರೆದಿಟ್ಟಿದ್ದರಾ? ಹದಿನೈದು ದಿನ ಬಿಟ್ಟು ಆ ಕಾಲೇಜಿನವರನ್ನು ಕೇಳಿದೆವು. ಅಂದು ಸ್ಕೋರ್ ಬರೆದಿದ್ದು ಬಿಡಿ ಹಾಳೆಯಲ್ಲಿ. ಶಾಮಿಯಾನ ಬಿಚ್ಚುವಾಗ ಹಾಳೆ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಇದ್ದಿದ್ದರೂ ತಂಡದ ಪಾಯಿಂಟ್ ಬಿಟ್ಟು ಬೇರೇನೂ ಇರುತ್ತಿರಲಿಲ್ಲ ಅಂತ ಬರೆದವರೇ ಹೇಳಿದರು. ಯಾರು ಮುಟ್ಟಿದರು, ಯಾರು ಹಿಡಿದರು, ಯಾರು ಬೋನಸ್ ತಂದರು, ಯಾವುದೂ ಇಲ್ಲ.

ಅವಳು ಹೇಳಿದ ಏಳು ನಿಜವೋ ಸುಳ್ಳೋ ನಮಗೆ ಇವತ್ತಿಗೂ ಗೊತ್ತಿಲ್ಲ. ಆ ಟ್ರೋಫಿ ಸರಿಯಾದವರಿಗೆ ಹೋಯಿತೋ ಇಲ್ಲವೋ, ಅದೂ ಗೊತ್ತಿಲ್ಲ. ಗೊತ್ತಿಲ್ಲದೆ ಹೆಸರು ಹೇಳಿದ್ದು ಮಾತ್ರ ನಾವೇ.

ಈ ವಿಷಯ ಮರೆತೇ ಹೋಗುತ್ತಿತ್ತೇನೋ. ಆದರೆ ಒಂದು ರಾತ್ರಿ ಫೋನಿನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುತ್ತಾ ಕೂತಿದ್ದಾಗ ಮತ್ತೆ ನೆನಪಾಯಿತು. ಬ್ಯಾಸ್ಕೆಟ್‌ಬಾಲ್ ನಮ್ಮ ಕಡೆಯ ಹಳ್ಳಿ ಆಟವಲ್ಲ, ಒಪ್ಪಿದೆವು. ಹುಡುಗರಿಗೆ ಕಬಡ್ಡಿ, ವಾಲಿಬಾಲ್ ಗೊತ್ತಿರುವಷ್ಟು ಅದು ಗೊತ್ತಿಲ್ಲ. ಆದರೆ ಅಲ್ಲಿ ವರ್ಷದ ಆಟಗಾರನನ್ನು ಆರಿಸುವ ಕ್ರಮವನ್ನು ಒಮ್ಮೆ ನೋಡಬೇಕು.

ಅಲ್ಲಿ ಕಾಲೇಜುಗಳು ಹತ್ತು ಹನ್ನೆರಡು ಸೇರಿ ಒಂದು ಕೂಟ ಕಟ್ಟಿಕೊಂಡಿರುತ್ತವೆ. ಅದಕ್ಕೆ ಕಾನ್ಫರೆನ್ಸ್ ಅನ್ನುತ್ತಾರೆ. ಸಭೆ, ಭಾಷಣದ ಕಾನ್ಫರೆನ್ಸ್ ಅಲ್ಲ, ಆಟದ ಒಕ್ಕೂಟ. ಒಂದು ವಾರ ಇವರು ಅವರ ಊರಿಗೆ, ಇನ್ನೊಂದು ವಾರ ಅವರು ಇವರ ಊರಿಗೆ, ಹೀಗೆ ಎರಡು ತಿಂಗಳಿಗೂ ಮೇಲೆ ಆಟ ನಡೆಯುತ್ತದೆ. ಒಂದು ದಿನ ಸೋತರೆ ಗಂಟುಮೂಟೆ ಕಟ್ಟುವ ಹಾಗಿಲ್ಲ, ಮುಂದಿನ ವಾರ ಮತ್ತೆ ಇಳಿಯಬೇಕು. ಪ್ರತಿ ಪಂದ್ಯದಲ್ಲೂ ಮೇಜಿನ ಮುಂದೆ ಜನ ಕೂತು ಬರೆಯುತ್ತಲೇ ಇರುತ್ತಾರೆ. ಯಾರು ಎಷ್ಟು ಹಾಕಿದರು, ಎಷ್ಟು ಎಸೆದು ಎಷ್ಟು ತಪ್ಪಿತು, ಹಾಕುವವನಿಗೆ ಚೆಂಡು ಕೊಟ್ಟವರು ಯಾರು, ತಪ್ಪಿ ಬಂದ ಚೆಂಡು ಹಿಡಿದವರು ಯಾರು, ಕಸಿದುಕೊಂಡವರು ಯಾರು, ಎಷ್ಟು ನಿಮಿಷ ಆಡಿದರು. ಕೊನೆಗೆ ಕೋಚ್‌ಗಳು ಓಟು ಹಾಕುತ್ತಾರೆ, ಕೆಲವು ಕಡೆ ಪತ್ರಕರ್ತರು. ಹಲವು ಕಾನ್ಫರೆನ್ಸ್‌ಗಳಲ್ಲಿ ಕೋಚ್ ತನ್ನ ಹುಡುಗನಿಗೆ ತಾನೇ ಓಟು ಹಾಕುವಂತಿಲ್ಲ. ಹೀಗೆ ಬರುವುದು ಕಾನ್ಫರೆನ್ಸ್‌ನ ವರ್ಷದ ಆಟಗಾರ ಅನ್ನುವ ಹೆಸರು. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಇದು 1954ರಿಂದ ನಡೆದುಕೊಂಡು ಬಂದಿದೆ. 1984ರಲ್ಲಿ ಅದು ಸಿಕ್ಕಿದ್ದು ಮೈಕೆಲ್ ಜೋರ್ಡನ್‌ಗೆ. ಅವನ ಹೆಸರಿನ ಬೂಟು ನಮ್ಮ ಸಂತೆಗಳಲ್ಲೂ ಸಿಗುತ್ತದೆ, ಡೂಪ್ಲಿಕೇಟ್ ಆದರೂ.

ಜೋರ್ಡನ್ ಆಡಿದ್ದು ದೊಡ್ಡ ವಿಶ್ವವಿದ್ಯಾಲಯದಲ್ಲಿ. ನಮಗೆ ಹತ್ತಿರದ್ದು ಜಾ ಮೊರಾಂಟ್ ಎಂಬ ಹುಡುಗನ ಕತೆ. ದಕ್ಷಿಣ ಕೆರೊಲಿನಾ ರಾಜ್ಯದ ಡಾಲ್ಜೆಲ್ ಅನ್ನುವ ಸಣ್ಣ ಊರಿನವನು. ದೊಡ್ಡ ಕಾಲೇಜುಗಳು ಅವನನ್ನು ತಿರುಗಿ ನೋಡಿರಲಿಲ್ಲ. 2016ರಲ್ಲಿ ಒಂದು ತರಬೇತಿ ಶಿಬಿರಕ್ಕೆ ಬೇರೊಬ್ಬ ಹುಡುಗನನ್ನು ನೋಡಲು ಬಂದಿದ್ದ ಮರ್ರೆ ಸ್ಟೇಟ್ ಕಾಲೇಜಿನ ಸಹಾಯಕ ಕೋಚ್ ಹಸಿವಾಗಿ ತಿಂಡಿ ಹುಡುಕಿಕೊಂಡು ಹೊರಟಾಗ, ಪಕ್ಕದ ಸಣ್ಣ ಅಂಕಣದಲ್ಲಿ ಮೂರು ಮೂರು ಜನರ ಆಟ ಆಡುತ್ತಿದ್ದ ಇವನು ಕಣ್ಣಿಗೆ ಬಿದ್ದ. ಮರ್ರೆ ಅನ್ನುವುದು ಕೆಂಟಕಿ ರಾಜ್ಯದ ಒಂದು ಊರು, ಜನಸಂಖ್ಯೆಯಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕಿಂತ ಚಿಕ್ಕದು. ಆ ಕಾಲೇಜು ಆಗ ಆಡುತ್ತಿದ್ದುದು ಓಹಿಯೊ ವ್ಯಾಲಿ ಎಂಬ ಸಣ್ಣ ಕಾನ್ಫರೆನ್ಸ್‌ನಲ್ಲಿ. 12 ಕಾಲೇಜು, ತಲಾ 18 ಪಂದ್ಯ. 2019ರಲ್ಲಿ ಮೊರಾಂಟ್ ಅಲ್ಲಿನ ವರ್ಷದ ಆಟಗಾರನಾದ. ಆ ಋತುವಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ 24.5 ಪಾಯಿಂಟ್, ಜೊತೆಗೆ ಇನ್ನೊಬ್ಬರು ಹಾಕುವಂತೆ ಕೊಟ್ಟ ಪಾಸ್ ಪಂದ್ಯಕ್ಕೆ 10. ಪಾಯಿಂಟ್ 20, ಪಾಸ್ 10, ಎರಡನ್ನೂ ಒಂದೇ ಋತುವಿನಲ್ಲಿ ಸರಾಸರಿಯಾಗಿ ಮುಟ್ಟಿದವರು ಅಮೆರಿಕದ ಕಾಲೇಜು ಆಟದ ಮೊದಲ ದರ್ಜೆಯಲ್ಲಿ ಅವನಿಗೆ ಮುಂಚೆ ಯಾರೂ ಇರಲಿಲ್ಲ. ಅದೇ ವರ್ಷ ಎನ್‌ಬಿಎ ಆಯ್ಕೆಯಲ್ಲಿ ಇಡೀ ದೇಶಕ್ಕೆ ಎರಡನೆಯವನಾಗಿ ಆಯ್ಕೆಯಾದ.

ಮರ್ರೆಯಂಥ ಊರಿನಲ್ಲಿ ಅವನು ಆಡಿದ್ದನ್ನು ಯಾರೂ ಅಲ್ಲಗಳೆಯಲು ಆಗಲಿಲ್ಲ, ಯಾಕೆಂದರೆ ಪ್ರತಿ ಪಂದ್ಯದ ಲೆಕ್ಕವೂ ಇತ್ತು. ಅವನು ಮೊದಲು ಕಣ್ಣಿಗೆ ಬಿದ್ದದ್ದು ಅದೃಷ್ಟದಿಂದಲೇ ಇರಬಹುದು, ಆಮೇಲಿನದ್ದನ್ನು ಅದೃಷ್ಟ ಅನ್ನಲು ಬರುವುದಿಲ್ಲ. ನಮ್ಮ ಲೆಫ್ಟ್ ಕಾರ್ನರ್ ಹುಡುಗಿಗೂ ಅವನಿಗೂ ವ್ಯತ್ಯಾಸ ಪ್ರತಿಭೆಯದ್ದೋ ಅಲ್ಲವೋ, ಹೇಳಲು ನಮ್ಮ ಹತ್ತಿರ ಆಧಾರ ಇಲ್ಲ. ಆಧಾರ ಇಲ್ಲ ಅನ್ನುವುದೇ ವ್ಯತ್ಯಾಸ.

ಅಲ್ಲೇನು ಎಲ್ಲವೂ ಸರಿ ಇದೆ ಅಂತಲ್ಲ. ಅಲ್ಲೂ ಓಟು ಜಾಸ್ತಿ ಬೀಳುವುದು ಪಾಯಿಂಟ್ ಹಾಕುವವನಿಗೇ, ತಡೆಯುವವನಿಗೆ ಕಡಿಮೆ. ಅದಕ್ಕೇ ಹಲವು ಕಾನ್ಫರೆನ್ಸ್‌ಗಳು ವರ್ಷದ ರಕ್ಷಣಾ ಆಟಗಾರ ಅಂತ ಬೇರೆಯೇ ಒಂದು ಹೆಸರು ಇಟ್ಟಿವೆ. ದುಡ್ಡು, ಟಿವಿ, ಜಾಹೀರಾತು ಸೇರಿಕೊಂಡು ಆ ಆಟ ಏನೇನೋ ಆಗಿದೆ. ಅದೆಲ್ಲ ನಮಗೆ ಬೇಡ. ನಾವು ತರಬೇಕಾದ್ದು ಆ ಮೇಜನ್ನು, ಆ ಪುಸ್ತಕವನ್ನು.

ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೋಗಿ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದರು. ಆ ತಂಡ ಬಿಗ್ ಸ್ಕೈ ಎಂಬ ಕಾನ್ಫರೆನ್ಸ್‌ನದ್ದು. ಅಲ್ಲಿ ಆಡಿದ ಪಂದ್ಯಗಳಲ್ಲಿ ಅವರು ಎಷ್ಟು ನಿಮಿಷ ಅಂಕಣದಲ್ಲಿದ್ದರು, ಎಷ್ಟು ಹಾಕಿದರು ಅಂತ ಇವತ್ತು ನಾಗಮಂಗಲದಲ್ಲಿ ಕೂತು ಫೋನಿನಲ್ಲಿ ನೋಡಬಹುದು. ನಾಗಮಂಗಲದಲ್ಲೇ ಕಳೆದ ತಿಂಗಳು ಆಡಿದ ಹುಡುಗಿಯ ಲೆಕ್ಕ ನಾಗಮಂಗಲದಲ್ಲೂ ಸಿಗುವುದಿಲ್ಲ.

ನಮ್ಮಲ್ಲಿ ಸರಿಯಾಗಿ ಕೊಡುವ ಬಿರುದುಗಳೇ ಇಲ್ಲ ಅಂತ ಹೇಳುತ್ತಿಲ್ಲ. ಮೈಸೂರು ದಸರಾ ಕುಸ್ತಿಯಲ್ಲಿ ದಸರಾ ಕಂಠೀರವ, ದಸರಾ ಕೇಸರಿ ಅಂತ ಕೊಡುತ್ತಾರೆ. ಅದಕ್ಕೆ ಯಾರ ಶಿಫಾರಸೂ ನಡೆಯುವುದಿಲ್ಲ. ಗರಡಿ ಕಟ್ಟಿದ ಊರಿನವರು ನಾವು, ಗೆದ್ದವನಿಗೆ ಗದೆ, ಬಿದ್ದವನ ಬೆನ್ನಿಗೆ ಮಣ್ಣು. ಅಲ್ಲಿ ಮಣ್ಣೇ ಸ್ಕೋರ್ ಪುಸ್ತಕ. ಆದರೆ ತಂಡದ ಆಟದಲ್ಲಿ ಏಳು ಜನರ ಬೆನ್ನಿಗೂ ಒಂದೇ ಮಣ್ಣು. ಯಾರು ಎಷ್ಟು ಹೊತ್ತರು ಅಂತ ತಿಳಿಯಬೇಕಾದರೆ ಬರೆಯದೆ ದಾರಿ ಇಲ್ಲ.

ಬರೆದರೆ ಏನಾಗುತ್ತದೆ ಅಂತ ಕಬಡ್ಡಿ ನೋಡುವ ನಿಮಗೆ ಹೇಳಬೇಕಾಗಿಲ್ಲ. ಪ್ರೊ ಕಬಡ್ಡಿ ಆರನೇ ಸೀಸನ್‌ನಲ್ಲಿ ಬೆಂಗಳೂರು ಬುಲ್ಸ್ ಗೆದ್ದಾಗ ಪವನ್ ಸೆಹ್ರಾವತ್ 271 ರೈಡ್ ಪಾಯಿಂಟ್ ತಂದಿದ್ದ, ಫೈನಲ್ ಒಂದರಲ್ಲೇ 22. ಟೀ ಅಂಗಡಿಯಲ್ಲಿ ಕೂತ ಹುಡುಗರು ಇದನ್ನು ಬಾಯಿಪಾಠ ಹೇಳುತ್ತಾರೆ. ಅದೇ ಹುಡುಗರಿಗೆ ತಮ್ಮ ಊರಿನ ತಂಡದಲ್ಲಿ ಹೋದ ವರ್ಷ ಹೆಚ್ಚು ಹಿಡಿದವನು ಯಾರು ಅಂತ ಕೇಳಿ ನೋಡಿ. ನಾಲ್ಕು ಜನ ನಾಲ್ಕು ಹೆಸರು ಹೇಳುತ್ತಾರೆ, ಆಮೇಲೆ ಜಗಳ.

ಇನ್ನೊಂದು ಸಂಗತಿ ನಮ್ಮ ಪಕ್ಕದ ಜಿಲ್ಲೆಯದ್ದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ಪಂದ್ಯದ ಅತ್ಯುತ್ತಮ ಆಟಗಾರ್ತಿ ಅಂತ ಹೆಸರು ಬಂದಿದ್ದು ತಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ.ಚೈತ್ರಾಗೆ. ಗಂಡು ತಂಡದಲ್ಲಿ ನಮ್ಮ ರಾಜ್ಯದ ಎಂ.ಕೆ.ಗೌತಮ್ ಇದ್ದರು, ಅವರೂ ಗೆದ್ದರು. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಗೌರವದಿಂದಲೇ ಬೇಡ ಅಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಮತ್ತು ಸರ್ಕಾರಿ ಕೆಲಸ ಕೊಡುತ್ತಿದೆ, ನಮಗೆ ಯಾಕೆ ಹೀಗೆ ಅಂತ ಕೇಳಿದರು.

ದುಡ್ಡಿನ ಆಸೆ ಅಂತ ಆಗ ಕೆಲವರು ಮೂಗು ಮುರಿದರು. ನಮಗೆ ಹಾಗನ್ನಿಸಲಿಲ್ಲ. ಹಾಗೆ ನಿಂತು ಕೇಳಲು ಅವರಿಬ್ಬರ ಕೈಯಲ್ಲಿ ಅಳತೆ ಇತ್ತು. ಖೋ ಖೋ ಸ್ಕೋರ್ ಹಾಳೆ ನೋಡಿದವರಿಗೆ ಗೊತ್ತು, ಓಡುವವರು ಎಷ್ಟು ನಿಮಿಷ ಎಷ್ಟು ಸೆಕೆಂಡ್ ಸಿಗದೆ ಉಳಿದರು ಅಂತ ಅದರಲ್ಲಿ ಬರೆಯುತ್ತಾರೆ, ಹಿಡಿದವರ ನಂಬರನ್ನೂ ಬರೆಯುತ್ತಾರೆ. ಮಾಡಿದ್ದು ಕಾಗದದ ಮೇಲಿದ್ದವರು ಸರ್ಕಾರವನ್ನೂ ಕೇಳಬಹುದು. ಬಸ್ ಸ್ಟ್ಯಾಂಡಿನ ಆ ಹುಡುಗಿ ಯಾರನ್ನು ಏನಂತ ಕೇಳುತ್ತಾಳೆ?

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಕಾಲೇಜು ಪಂದ್ಯಾವಳಿಗಳು ನಮ್ಮಲ್ಲಿ ಹೆಚ್ಚಾಗಿ ನಾಕೌಟ್. ಬೆಳಿಗ್ಗೆ ಬಂದು, ಒಂದು ಪಂದ್ಯ ಸೋತು, ಉಪ್ಪಿಟ್ಟು ತಿಂದು, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಒಂದು ಪಂದ್ಯದಲ್ಲಿ ಯಾರು ಏನು ತೋರಿಸಲು ಸಾಧ್ಯ? ಅಂದು ಜ್ವರ ಇತ್ತೋ, ಮುಟ್ಟಾಗಿತ್ತೋ, ಹಿಂದಿನ ರಾತ್ರಿ ಹಸು ಕರು ಹಾಕಿ ನಿದ್ದೆ ಇರಲಿಲ್ಲವೋ, ಅಷ್ಟಕ್ಕೇ ಆ ವರ್ಷ ಮುಗಿಯಿತು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಮಾಡುವಾಗಲೂ ಒಂದೆರಡು ದಿನದ ಟ್ರಯಲ್ಸ್. ಆ ತಂಡಕ್ಕೆ ಸೇರಿದರೆ ಮುಂದೆ ದಾರಿ ಇದೆ. ಕ್ರೀಡಾ ಕೋಟಾದಲ್ಲಿ ಸೀಟಿಗೋ ಕೆಲಸಕ್ಕೋ ಅರ್ಜಿ ಹಾಕಿದರೆ ಕೇಳುವುದು ಯಾವ ಮಟ್ಟದಲ್ಲಿ ಆಡಿದ್ದೀರಿ ಅಂತಲೇ. ಪಂದ್ಯಾವಳಿಯಲ್ಲಿ ಭಾಗವಹಿಸಿದ ಸರ್ಟಿಫಿಕೇಟ್ ಮತ್ತು ಸೊಂಟದೆತ್ತರದ ಟ್ರೋಫಿ, ಎರಡನ್ನೂ ಅಲ್ಲಿ ಯಾರೂ ನೋಡುವುದಿಲ್ಲ.

ಟ್ರೋಫಿ ವಿಷಯ ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇವೆ. ನಮ್ಮ ಕಡೆ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಟ್ರೋಫಿ ವರ್ಷದಿಂದ ವರ್ಷಕ್ಕೆ ಎತ್ತರ ಆಗುತ್ತಿದೆ. ಬೈಕಿನಲ್ಲಿ ತೆಗೆದುಕೊಂಡು ಹೋಗಲು ಆಗದೆ ಗೂಡ್ಸ್ ಆಟೊ ಮಾಡಿಕೊಂಡು ಹೋದದ್ದನ್ನು ನೋಡಿದ್ದೇವೆ. ಅದರ ಮೇಲೆ ಕೊಟ್ಟವರ ಹೆಸರು ದಪ್ಪ ಅಕ್ಷರದಲ್ಲಿ, ಗೆದ್ದವರ ಹೆಸರಿಗೆ ಜಾಗವೇ ಇಲ್ಲ. ಮೊದಲ ಬಹುಮಾನಕ್ಕೆ ಟಗರು ಕೊಡುವ ಪಂದ್ಯಾವಳಿಯೇ ವಾಸಿ, ಊರಿಗೆಲ್ಲ ಊಟವಾದರೂ ಆಗುತ್ತದೆ.

ಬೈಯುವುದಾದರೆ ನಮ್ಮನ್ನೇ ಮೊದಲು ಬೈಯಬೇಕು. ಅಂದು ನಾವು ಕಳಿಸಿದ ಸುದ್ದಿಯನ್ನು ಮೊನ್ನೆ ತೆಗೆದು ಓದಿದೆವು. ವೇದಿಕೆ ಮೇಲಿದ್ದವರ ಹೆಸರು ಹನ್ನೊಂದು. ಮುಖ್ಯ ಅತಿಥಿಗಳ ಭಾಷಣ ಮೂರು ವಾಕ್ಯ, "ಕ್ರೀಡೆಯಿಂದ ದೈಹಿಕ ಮತ್ತು ಮಾನಸಿಕ ಆರೋಗ್ಯ" ಸಮೇತ. ಆಡಿದ ಹುಡುಗಿಯರ ಪೈಕಿ ಹೆಸರು ಬಂದಿದ್ದು ಒಬ್ಬಳದ್ದು, ಅದೂ ನಾವೇ ತೋರಿಸಿದವಳದ್ದು. ಸೋತ ತಂಡ ಎಷ್ಟು ಪಾಯಿಂಟಿಗೆ ಸೋತಿತು ಅನ್ನುವುದೂ ಇಲ್ಲ. "ಉತ್ತಮ ಪ್ರದರ್ಶನ ನೀಡಿದರು" ಅಂತ ಬರೆದು ಕೈ ತೊಳೆದುಕೊಂಡಿದ್ದೆವು. ಡೆಸ್ಕಿನವರು ಕತ್ತರಿಸಿದರು ಅನ್ನಲೂ ಆಗದು, ನಾವು ಕಳಿಸಿದ್ದೇ ಅಷ್ಟು.

ಹಾಗಾಗಿ ನಮ್ಮದೊಂದು ಬೇಡಿಕೆ, ನಾಲ್ಕೂ ಊರಿನ ಕಾಲೇಜುಗಳಿಗೆ. ನಾಲ್ಕೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇವೆ. ಮೊದಲಿಗೆ ಈ ನಾಲ್ಕೇ ಸಾಕು. ಒಂದು ಆಟ, ಹುಡುಗಿಯರ ಕಬಡ್ಡಿ. ಪ್ರತಿ ತಂಡ ಉಳಿದ ಮೂರು ತಂಡಗಳ ಜೊತೆ ತನ್ನ ಊರಲ್ಲಿ ಒಂದು, ಅವರ ಊರಲ್ಲಿ ಒಂದು ಪಂದ್ಯ ಆಡಲಿ. ಒಂದು ತಂಡಕ್ಕೆ 6 ಪಂದ್ಯ, ಒಟ್ಟು 12. ವಾರಕ್ಕೆ ಎರಡರಂತೆ ನಡೆಸಿದರೆ ಆರು ವಾರ, ಅಂದರೆ ಒಂದೂವರೆ ತಿಂಗಳು. ಪರೀಕ್ಷೆ ಹತ್ತಿರ ಬರುವ ಮುಂಚೆ ಮುಗಿಯುತ್ತದೆ.

ಪ್ರತಿ ಪಂದ್ಯದಲ್ಲಿ ಇಬ್ಬರು ಬರೆಯುವವರು ಇರಲಿ, ಆಡುವ ಎರಡೂ ಕಾಲೇಜಿನಿಂದ ಒಬ್ಬೊಬ್ಬರು. ಇಬ್ಬರ ಹಾಳೆ ತಾಳೆ ಆಗಬೇಕು, ಆಗದಿದ್ದರೆ ಅಲ್ಲೇ ಕೂತು ಸರಿ ಮಾಡಿಕೊಳ್ಳಬೇಕು. ಮುಟ್ಟಿದ್ದು, ಬೋನಸ್, ಹಿಡಿದದ್ದು, ಹಿಡಿಯಲು ಹೋಗಿ ತಪ್ಪಿದ್ದು. ಮೊದಲು ಕೈ ಹಾಕಿದವಳ ಹೆಸರು ಬೇರೆ, ಬಂದು ಕೂಡಿಕೊಂಡವಳ ಹೆಸರು ಬೇರೆ. ಪಂದ್ಯ ಮುಗಿದ ತಕ್ಷಣ ಹಾಳೆಯ ಫೋಟೊ ನಾಲ್ಕೂ ಕಾಲೇಜಿನ ವಾಟ್ಸ್ಆ್ಯಪ್ ಗುಂಪಿಗೆ ಬೀಳಬೇಕು. ಶಾಮಿಯಾನದ ಜೊತೆ ಹಾಳೆ ಕಳೆದರೂ ಫೋಟೊ ಉಳಿಯುತ್ತದೆ.

ಕೊನೆಗೆ ವರ್ಷದ ಆಟಗಾರ್ತಿ. ನಾಲ್ಕು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ನಾಲ್ಕು ತಾಲ್ಲೂಕಿನಿಂದ ಒಬ್ಬೊಬ್ಬ ವರದಿಗಾರರು, ಒಟ್ಟು ಎಂಟು ಓಟು. ಯಾರೂ ತಮ್ಮ ಕಾಲೇಜಿನ, ತಮ್ಮ ತಾಲ್ಲೂಕಿನ ಹುಡುಗಿಗೆ ಓಟು ಹಾಕುವಂತಿಲ್ಲ. ಯಾರು ಯಾರಿಗೆ ಹಾಕಿದರು ಅಂತ ಹೆಸರು ಸಮೇತ ನೋಟಿಸ್ ಬೋರ್ಡಿನಲ್ಲಿ ಅಂಟಿಸಬೇಕು. ಕಡಿಮೆ ಪಂದ್ಯ ನೋಡಿದ ವರದಿಗಾರನಿಗೆ ಓಟು ಇಲ್ಲ. ಹನ್ನೆರಡರಲ್ಲಿ ಆರಾದರೂ ನೋಡಿರಬೇಕು. ಈ ನಿಯಮ ನಮಗೇ ಮೊದಲು ಕುತ್ತು ತರುತ್ತದೆ, ತರಲಿ. ಹಿಡಿಯುವವರಿಗೆ ಬೇರೆಯೇ ಒಂದು ಹೆಸರು, ವರ್ಷದ ಕ್ಯಾಚರ್. ಬಹುಮಾನವಾಗಿ ಟ್ರೋಫಿ ಬೇಡ. ಆರು ಪಂದ್ಯದ ಅವಳ ಲೆಕ್ಕ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ನಾಲ್ಕು ಪ್ರಾಂಶುಪಾಲರ ಸಹಿ, ಸೀಲು. ಅದನ್ನು ಹಿಡಿದುಕೊಂಡು ಅವಳು ಟ್ರಯಲ್ಸ್‌ಗೆ ಹೋಗಲಿ. ಆಯ್ಕೆ ಮಾಡುವವರು ಅದನ್ನು ನೋಡಲೇಬೇಕು ಅಂತ ಕಾನೂನು ಇಲ್ಲ. ಆದರೆ ನೋಡಿಯೂ ಬಿಟ್ಟರೆ ಯಾಕೆ ಬಿಟ್ಟಿರಿ ಅಂತ ಕೇಳಲು ಅವಳ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಇದನ್ನು ಒಬ್ಬ ಹಿರಿಯ ದೈಹಿಕ ಶಿಕ್ಷಕರ ಹತ್ತಿರ ಹೇಳಿದೆವು. ಅವರು ನಕ್ಕು, "ಬಸ್ ಚಾರ್ಜು ಯಾರು ಕೊಡ್ತಾರಪ್ಪ?" ಅಂದರು. ನ್ಯಾಯವಾದ ಪ್ರಶ್ನೆ. ಹುಡುಗಿಯರ ಆಟದಿಂದ ಶುರು ಮಾಡೋಣ ಅನ್ನುವುದಕ್ಕೆ ಅರ್ಧ ಕಾರಣ ಅದೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಇಡೀ ತಂಡ ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ ಹೋಗಿ ಬರಲು ಒಂದು ರೂಪಾಯಿ ಬೇಕಿಲ್ಲ, ಜೊತೆಗೆ ಹೋಗುವ ಮೇಷ್ಟ್ರಿಗೆ ಮಾತ್ರ ಟಿಕೆಟ್. ಈ ಯೋಜನೆಯಿಂದ ದೇವಸ್ಥಾನಗಳು ತುಂಬಿದವು ಅಂತ ನಾವೆಲ್ಲ ಬರೆದೆವು. ಆಟದ ಮೈದಾನ ತುಂಬಿದ್ದರ ಬಗ್ಗೆ ಬರೆಯುವ ಅವಕಾಶ ಇನ್ನೂ ಸಿಕ್ಕಿಲ್ಲ.

ಸಂಜೆ ಬಸ್ಸಿನದ್ದು ದೊಡ್ಡ ತೊಡಕು. ಶ್ರೀರಂಗಪಟ್ಟಣ, ಪಾಂಡವಪುರ ಹತ್ತಿರ ಹತ್ತಿರ, ಅಲ್ಲಿ ತಾಪತ್ರಯ ಇಲ್ಲ. ಕೆ.ಆರ್.ಪೇಟೆಯಿಂದ ನಾಗಮಂಗಲ ಅಂದರೆ ಹಾಗಲ್ಲ. ಪಟ್ಟಣ ಮುಟ್ಟಿದರೂ ಅಲ್ಲಿಂದ ಹಳ್ಳಿಗೆ ಕೊನೆ ಬಸ್ಸು ಹೋಗಿರುತ್ತದೆ. ಹೊತ್ತು ಮುಳುಗಿದ ಮೇಲೆ ಬಂದ ಮಗಳಿಗೆ ಎರಡನೇ ಸಲ ಆಟಕ್ಕೆ ಹೋಗಲು ಅಪ್ಪ ಅವ್ವ ಬಿಡುವುದಿಲ್ಲ, ಅವರದ್ದು ತಪ್ಪೂ ಅಲ್ಲ. ಅದಕ್ಕೆ ಪಂದ್ಯ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಗಿ ಹನ್ನೆರಡೂವರೆಗೆ ಮುಗಿಯಬೇಕು. ಉದ್ಘಾಟನೆ, ಸನ್ಮಾನ, ಭಾಷಣ ಯಾವುದೂ ಇರಬಾರದು. ಗಣ್ಯರು ಬರುವವರೆಗೆ ಕಾಯುವ ಕಾಟ ಇಲ್ಲದಿದ್ದರೆ ಕಬಡ್ಡಿ ಪಂದ್ಯಕ್ಕೆ ಒಂದು ಗಂಟೆ ಧಾರಾಳ.

ಇನ್ನು ಸ್ಕೋರ್ ಬರೆಯುವವರು ಎಲ್ಲಿ ಸಿಗುತ್ತಾರೆ ಅನ್ನುವ ಪ್ರಶ್ನೆ. ಆಡಲು ಆಗದ, ಆದರೆ ಆಟದ ಹುಚ್ಚಿರುವ ಮಕ್ಕಳು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಕ್ರಿಕೆಟ್ ಓವರ್ ಲೆಕ್ಕವನ್ನು ಬೆರಳಲ್ಲಿ ಹೇಳುವವರಿಗೆ ಇದು ಎರಡು ದಿನದ ಕಲಿಕೆ. ಪತ್ರಿಕೋದ್ಯಮ ಓದುವ ಮಕ್ಕಳಿದ್ದರೆ ಇನ್ನೂ ಒಳ್ಳೆಯದು. ನಮಗೆ ಡಿಪ್ಲೊಮಾದಲ್ಲಿ ಶೀರ್ಷಿಕೆ ಕೊಡುವುದು ಕಲಿಸಿದರು, ಲೀಡ್ ಬರೆಯುವುದು ಕಲಿಸಿದರು, ಮೈದಾನದ ಅಂಚಿನಲ್ಲಿ ಕೂತು ಲೆಕ್ಕ ಇಡುವುದು ಯಾರೂ ಕಲಿಸಲಿಲ್ಲ.

ಇದೆಲ್ಲ ಆದರೂ ಜಾತಿ, ಊರು, ಪಕ್ಷ ಅಂತ ಓಟು ಬೀಳುವುದಿಲ್ಲವೇ ಅಂತ ಕೇಳುವವರು ಇದ್ದಾರೆ. ಬೀಳಬಹುದು. ಮಂಡ್ಯ ಜಿಲ್ಲೆಯಲ್ಲಿ ಓಟು ಅಂದಮೇಲೆ ಅದಿಲ್ಲ ಅಂದರೆ ನೀವೇ ನಗುತ್ತೀರಿ. ಆದರೆ ಹೆಸರು ಹಾಕಿ ಓಟು ಮಾಡಿದಾಗ, ಪಕ್ಕದಲ್ಲೇ ಆರು ಪಂದ್ಯದ ಲೆಕ್ಕ ಅಂಟಿಸಿದ್ದಾಗ, ಮೂವತ್ತು ಸಲ ಹಿಡಿದವಳನ್ನು ಬಿಟ್ಟು ಮೂರು ಸಲ ಹಿಡಿದವಳಿಗೆ ಓಟು ಹಾಕಿದವನು ಮಾರನೇ ದಿನ ಟೀ ಅಂಗಡಿಯಲ್ಲಿ ಕೂರುವುದು ಕಷ್ಟ.

ಆ ಲೆಫ್ಟ್ ಕಾರ್ನರ್ ಹುಡುಗಿ ಈಗ ಡಿಗ್ರಿ ಮುಗಿಸಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಏಳರ ವ್ಯಾನ್. ಹೋದ ತಿಂಗಳು ರಸ್ತೆ ಬದಿಯಲ್ಲಿ ಸಿಕ್ಕಿದಾಗ ಮಾತಾಡಿಸಿದೆವು. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಬೇಕು, ಕಬಡ್ಡಿದು ಏನಾದ್ರೂ ಕಾಗದ ಸಿಕ್ತದಾ ಸಾ ಅಂತ ಕೇಳಿದಳು. ಇಲ್ಲ ಅಂದೆವು.

ಈಗ ನಮ್ಮ ಬೈಕಿನ ಬ್ಯಾಗಿನಲ್ಲಿ ಇನ್ನೂರು ಪುಟದ ಒಂದು ಉದ್ದನೆಯ ನೋಟ್ ಪುಸ್ತಕ ಇದೆ. ನಾಲ್ಕೂ ತಾಲ್ಲೂಕಿನ ಯಾವ ಕಾಲೇಜಿನವರು ಪಂದ್ಯಕ್ಕೆ ಕರೆದರೂ ಮೊದಲ ಸೀಟಿಗೆ ಮುಂಚೆಯೇ ಬಂದು ಮೇಜಿನ ಮುಂದೆ ಕೂರುತ್ತೇವೆ, ವೇದಿಕೆಗೆ ಬರುವುದಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಅವಳ ಹೆಸರು ಬರೆದು, ಮುಂದೆ 7 ಅಂತ ಹಾಕಿ, ಷರಾ ಕಲಂನಲ್ಲಿ ಹೀಗೆ ಬರೆದಿದ್ದೇವೆ: ಅವಳೇ ಹೇಳಿದ್ದು, ನಾವು ನೋಡಿಲ್ಲ.